ಸಂಗೀತದ ಜಾಲತಾಣ: ಪ್ಲೇಯರ್‌ಗಿಂತ ಮೊದಲು ವಿವರಪಟ್ಟಿ

ಕನ್ನಡದ ಹಾಡುಗಳನ್ನು ಹಂಚಿಕೊಳ್ಳಲು ಮತ್ತು ಹುಡುಕಿ ಕೇಳಲು ಜಾಲತಾಣವೊಂದನ್ನು ತೆರೆಯಬೇಕೆಂದು ಸಲಹೆ ಕೇಳಿ ಬರುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಸರ್ವರ್‌ನ ಖರ್ಚು, ಪ್ಲೇಯರ್‌ನ ವಿನ್ಯಾಸ ಮತ್ತು ಮೊಬೈಲ್ ಆ್ಯಪ್‌ನ ಬಗ್ಗೆ. ಇವಕ್ಕೆಲ್ಲ ಇಂದು ಸಿದ್ಧ ಪರಿಹಾರಗಳಿವೆ. ಐದು ನಿಮಿಷದ ಹಾಡು 128 ಕೆಬಿಪಿಎಸ್ ದರದಲ್ಲಿ ಐದು ಎಂಬಿಯಷ್ಟೂ ಆಗುವುದಿಲ್ಲವಾದ್ದರಿಂದ ಚಿಕ್ಕ ತಾಣಕ್ಕೆ ಆರಂಭದ ಖರ್ಚು ಕೈಮೀರುವಂಥದ್ದಲ್ಲ. ನನ್ನ ಅನುಭವದಲ್ಲಿ ತಾಣದ ಬಾಳಿಕೆಯನ್ನು ನಿರ್ಧರಿಸುವುದು ಪ್ರತಿ ಹಾಡಿನ ಜೊತೆ ದಾಖಲಾಗುವ ವಿವರ: ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಮತ್ತು ನುಡಿಸಿದವರು ಯಾರು, ಧ್ವನಿಮುದ್ರಣ ಯಾರದು, ಯಾವ ವರ್ಷದ್ದು. ಕಾನೂನಿನ ತೊಡಕನ್ನು ಬಿಡಿಸುವುದೂ ಇದೇ, ಕೇಳುಗರಿಗೆ ಹೊಸ ಹಾಡನ್ನು ಮುಟ್ಟಿಸುವುದೂ ಇದೇ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನಾವು ಒಂದು ಹಾಡು ಎಂದು ಕರೆಯುವುದರಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ ಮತ್ತು ಧ್ವನಿಮುದ್ರಣ ಎಂಬ ಮೂರು ಬೇರೆ ಬೇರೆ ಕೃತಿಗಳಿವೆ. ಮೊದಲಿನ ಎರಡಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ರಕ್ಷಣೆಯಿದೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಹೀಗಾಗಿ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವಿತೆಗಳ ಹಕ್ಕು 2006ರ ಕೊನೆಗೆ ಮುಗಿದಿದೆ, ಬೇಂದ್ರೆಯವರ ಸಾಹಿತ್ಯ 2041ರವರೆಗೆ, ಕುವೆಂಪು ಅವರದು 2054ರವರೆಗೆ ಹಕ್ಕಿಗೆ ಒಳಪಟ್ಟಿರುತ್ತದೆ. 1964ರ ಕೊನೆಯೊಳಗೆ ಪ್ರಕಟವಾದ ಗ್ರಾಮಫೋನ್ ತಟ್ಟೆಯ ಮುದ್ರಣದ ಹಕ್ಕು ಮುಗಿದಿದ್ದರೂ, ಅದರಲ್ಲಿರುವ ಭಾವಗೀತೆಯ ಸಾಹಿತ್ಯ ಮತ್ತು ಸಂಯೋಜನೆಗಳ ಹಕ್ಕು ಇನ್ನೂ ಜೀವಂತವಾಗಿರಬಹುದು.

ವಚನ ಮತ್ತು ದಾಸರ ಪದಗಳ ವಿಷಯದಲ್ಲಿ ತಪ್ಪು ಕಲ್ಪನೆ ಇನ್ನೂ ಆಳವಾಗಿದೆ. ಹನ್ನೆರಡನೆಯ ಶತಮಾನದ ವಚನದ ಮೇಲೆ ಯಾರಿಗೂ ಹಕ್ಕಿಲ್ಲ ಎಂಬುದು ನಿಜ. ಆದರೆ ಅದಕ್ಕೆ ನಮ್ಮ ಕಾಲದವರೊಬ್ಬರು ರಾಗ ಸಂಯೋಜಿಸಿದ್ದರೆ ಆ ಸಂಯೋಜನೆ ಅವರದು, ಧ್ವನಿಮುದ್ರಿಸಿದ ಸಂಸ್ಥೆಗೆ ಮುದ್ರಣದ ಹಕ್ಕು ಪ್ರತ್ಯೇಕ. ರಾಮೋತ್ಸವದ ಪೆಂಡಾಲಿನಲ್ಲಿ ರಸಿಕರೊಬ್ಬರು ಕಚೇರಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಅಪ್‌ಲೋಡ್ ಮಾಡಿದಾಗ, ಹಾಡಿದ ಕೀರ್ತನೆ ಎಷ್ಟೇ ಹಳೆಯದಾಗಿದ್ದರೂ, ವೇದಿಕೆಯ ಮೇಲಿದ್ದ ಗಾಯಕರಿಗೆ ಮತ್ತು ಪಕ್ಕವಾದ್ಯದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಅವರ ಒಪ್ಪಿಗೆಯನ್ನು ಕೇಳುವ ಒಂದು ಅಂಕಣ ಅಪ್‌ಲೋಡ್ ಅರ್ಜಿಯಲ್ಲೇ ಇರಬೇಕು. ಅದು ಕಾನೂನಿನ ಮಾತಷ್ಟೇ ಅಲ್ಲ. ಮೃದಂಗ ನುಡಿಸಿದವರ ಹೆಸರನ್ನೂ ನಮೂದಿಸದೆ ಅವರ ಕಲೆಯನ್ನು ಹಂಚುವುದು ಸಂಗೀತಪ್ರೀತಿಯೆನಿಸಲಾರದು.

ಬಳಕೆದಾರರು ಹಾಕಿದ ಹಾಡಿಗೆ ತಾಣ ನಡೆಸುವವರು ಎಷ್ಟರಮಟ್ಟಿಗೆ ಹೊಣೆ ಎಂಬುದನ್ನು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರ ಡಿಸೆಂಬರಿನಲ್ಲಿ ಬಳಕೆದಾರರೇ ಹಾಡು ಹಂಚಿಕೊಳ್ಳುತ್ತಿದ್ದ ಮೈಸ್ಪೇಸ್ ಎಂಬ ಜಾಲತಾಣದ ಪ್ರಕರಣದಲ್ಲಿ ವಿವರವಾಗಿ ಚರ್ಚಿಸಿದೆ. ಎಲ್ಲೋ ಉಲ್ಲಂಘನೆ ನಡೆಯುತ್ತಿರಬಹುದೆಂಬ ಸಾಮಾನ್ಯ ಶಂಕೆಯಿಂದ ಹೊಣೆ ಹುಟ್ಟುವುದಿಲ್ಲ, ನಿರ್ದಿಷ್ಟ ಕೃತಿಗಳ ಪಟ್ಟಿ ಕೈಸೇರಿದ ಮೇಲೆ 36 ಗಂಟೆಗಳಲ್ಲಿ ಅವನ್ನು ತೆಗೆಯಬೇಕು ಎಂಬುದು ಅದರ ಸಾರ. ನಿರ್ವಾಹಕರೇ ಹಾಕಿದ ಹಾಡುಗಳಿಗೆ ಈ ಆಸರೆ ದೊರೆಯದು ಎಂಬುದನ್ನು, ತಾಣ ಖಾಲಿ ಕಾಣಬಾರದೆಂದು ಮೊದಲ ದಿನವೇ ಸಾವಿರಾರು ಹಾಡು ತುಂಬಲು ಹೊರಡುವವರು ಗಮನಿಸಬೇಕು. ರೇಡಿಯೊ ಕೇಂದ್ರಗಳಂತೆ, ಹಕ್ಕುದಾರರ ಒಪ್ಪಿಗೆ ಬೇಡದೆ ನಿಗದಿತ ಶುಲ್ಕ ತೆತ್ತು ಬಳಸುವ ಶಾಸನಬದ್ಧ ಪರವಾನಗಿ ಪಡೆದು ಪ್ರಸಾರ ಮಾಡಬಹುದಲ್ಲ ಎಂಬ ಆಸೆಯೂ ಫಲಿಸದು: ಕಾಯ್ದೆಯ 31ಡಿ ವಿಧಿ ಅಂತರಜಾಲದ ಸ್ಟ್ರೀಮಿಂಗ್‌ಗೆ ಅನ್ವಯಿಸುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ತೀರ್ಪಿತ್ತಿದೆ, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಸ್ವತಂತ್ರ ಕಲಾವಿದರಿಂದ ನೇರವಾಗಿ ಬರಹದಲ್ಲಿ ಅನುಮತಿ ಪಡೆದು, ನೂರು ಹಾಡುಗಳಿಂದಲೇ ಆರಂಭಿಸುವುದು ಲೇಸು ಎಂದು ನಾನು ಹೇಳುತ್ತ ಬಂದಿದ್ದೇನೆ.

ಇನ್ನು ಹುಡುಕಾಟ. ಹೆಚ್ಚಿನ ಸಿದ್ಧ ತಂತ್ರಾಂಶಗಳು ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಹಂತಗಳನ್ನಷ್ಟೇ ಬಲ್ಲವು. ನಮ್ಮ ಸಂಗೀತ ಅದರಲ್ಲಿ ಹಿಡಿಸುವುದಿಲ್ಲ. ಧಾರವಾಡದ ಹಿಂದುಸ್ತಾನಿ ಪರಂಪರೆ ಮತ್ತು ಮೈಸೂರಿನ ಕರ್ನಾಟಕ ಪರಂಪರೆ ಎರಡೂ ಒಂದೇ ನಾಡಿನಲ್ಲಿ ಬೆಳೆದಿರುವುದರಿಂದ ರಾಗದ ಅಂಕಣವನ್ನು ಬಹಳ ಎಚ್ಚರದಿಂದ ರೂಪಿಸಬೇಕಾಗುತ್ತದೆ. ಕರ್ನಾಟಕ ಪದ್ಧತಿಯ ಮೋಹನವನ್ನು ಮೆಚ್ಚಿದವರಿಗೆ ಹಿಂದುಸ್ತಾನಿಯ ಭೂಪ್, ಶುದ್ಧಸಾವೇರಿಯನ್ನು ಮೆಚ್ಚಿದವರಿಗೆ ದುರ್ಗಾ ಸಿಗುವಂತಾಗಬೇಕು. ಹಿಂದೋಳಕ್ಕೆ ಸ್ವರಗಳಲ್ಲಿ ಹೊಂದುವುದು ಮಾಲಕಂಸ್. ಹೆಸರಿನ ಹೋಲಿಕೆ ನೋಡಿ ಅದನ್ನು ಹಿಂದುಸ್ತಾನಿಯ ಹಿಂಡೋಲ್‌ಗೆ ಜೋಡಿಸಿದರೆ ಸ್ವರಗಳೇ ಬೇರೆಯಾದ ರಾಗವನ್ನು ಕೇಳುಗರ ಮುಂದಿಟ್ಟಂತಾಗುತ್ತದೆ. ಯಂತ್ರಕ್ಕೆ ಇದು ತಾನಾಗಿ ತಿಳಿಯುವುದಿಲ್ಲ, ಸಂಗೀತ ಬಲ್ಲವರು ಕುಳಿತು ಈ ಕೋಷ್ಟಕವನ್ನು ಬರೆಯಬೇಕು.

ದಾಸರ ಪದಗಳಿಗೆ ಅಂಕಿತವೇ, ಅಂದರೆ ರಚಿಸಿದವರ ಗುರುತಿನ ಹೆಸರೇ, ಒಳ್ಳೆಯ ಕೀಲಿ. ಕಂಡ ಪದವನ್ನೆಲ್ಲ ಪುರಂದರದಾಸರ ಹೆಸರಿಗೆ ಬರೆಯುವ ರೂಢಿ ಅಂತರಜಾಲದಲ್ಲಿ ಬೇರೂರಿದೆ. ಕೊನೆಯ ಚರಣದಲ್ಲಿ ವಿಜಯವಿಠಲ ಎಂದಿದೆಯೋ, ಗೋಪಾಲವಿಠಲ ಎಂದಿದೆಯೋ, ಕಾಗಿನೆಲೆಯಾದಿಕೇಶವ ಎಂದಿದೆಯೋ ನೋಡಿ ದಾಖಲಿಸಿದರೆ ಈ ತಪ್ಪಿನ ಬಹುಪಾಲು ನೀಗುತ್ತದೆ. ಆದರೆ ಹುಡುಕುವವರು ವಿಠಲ, ವಿಠ್ಠಲ, ವಿಟ್ಠಲ ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ, ಮೂರಕ್ಕೂ ಒಂದೇ ಫಲಿತಾಂಶ ಬರಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಮೋಹನ ಎಂಬ ಪದದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಡೇಟಾಬೇಸ್‌ಗೆ ಅವು ಬೇರೆ ಪದಗಳು. ಉಳಿಸುವ ಮುನ್ನ ಮತ್ತು ಹುಡುಕುವ ಮುನ್ನ ಪಠ್ಯವನ್ನು ಏಕರೂಪಕ್ಕೆ ತರುವ ಯೂನಿಕೋಡ್‌ನ ಎನ್‌ಎಫ್‌ಸಿ ವಿಧಾನವನ್ನು ಅಳವಡಿಸದಿದ್ದರೆ, ತಾಣದಲ್ಲಿರುವ ಹಾಡೇ ಇಲ್ಲವೆಂಬ ಉತ್ತರ ಬರುತ್ತದೆ.

ಇದನ್ನು ಕೇಳಿದವರು ಅದನ್ನೂ ಕೇಳಿದರು ಎಂಬ ಬಗೆಯ ಶಿಫಾರಸು ಹೊಸ ತಾಣದಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಕೇಳುಗರ ಇತಿಹಾಸವೇ ಅಲ್ಲಿ ಇರುವುದಿಲ್ಲ. ಹಾಡಿನ ಗುಣಗಳನ್ನೇ ಆಧರಿಸಿ ಮುಂದಿನ ಹಾಡನ್ನು ಆರಿಸುವ ದಾರಿಯನ್ನು ಅಮೆರಿಕದ ಪಂಡೋರಾ ಸಂಸ್ಥೆ ತುಳಿದದ್ದು ಸಂಗೀತ ಬಲ್ಲವರಿಂದ ಒಂದೊಂದೇ ಹಾಡನ್ನು ವಿಶ್ಲೇಷಿಸಿ ವಿವರ ಬರೆಸುವುದರ ಮೂಲಕ. ನಮ್ಮಲ್ಲೂ ಅದೇ ರಾಗದ ಇನ್ನೊಂದು ಪದ, ಅದೇ ವಚನದ ಇನ್ನೊಂದು ಸಂಯೋಜನೆ, ಅದೇ ಪಿಟೀಲುವಾದಕರ ಬೇರೊಂದು ಕಚೇರಿ ಎಂದು ಮೊದಲ ದಿನದಿಂದಲೇ ತೋರಿಸಲು ವಿವರಪಟ್ಟಿಯೊಂದೇ ಸಾಕು.

ಕೊನೆಯದಾಗಿ ಸಂಗ್ರಹದ ರಕ್ಷಣೆ. ಸರ್ವರ್ ವರ್ಗಾವಣೆಯ ವೇಳೆ ಮೈಸ್ಪೇಸ್ 2003ರಿಂದ 2015ರವರೆಗೆ ಸೇರಿಸಲಾಗಿದ್ದ ಹಾಡುಗಳನ್ನು ಕಳೆದುಕೊಂಡದ್ದು 2019ರಲ್ಲಿ ಬಹಿರಂಗವಾಯಿತು. ವರದಿಯಾದ ಸಂಖ್ಯೆ ಐದು ಕೋಟಿಗೂ ಹೆಚ್ಚು. ಸಂಶೋಧಕರ ಗುಂಪೊಂದು ಹಿಂದೆ ಇಳಿಸಿಕೊಂಡಿದ್ದ ಸುಮಾರು 4.9 ಲಕ್ಷ ಹಾಡುಗಳು ಮಾತ್ರ ಇಂಟರ್ನೆಟ್ ಆರ್ಕೈವ್ ಸೇರಿ ಉಳಿದವು. ಕಲಾವಿದರು ಕೊಟ್ಟ ಮೂಲ ಕಡತವನ್ನು ಕುಗ್ಗಿಸದೆ, ಅದರ ವಿವರವನ್ನು ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ಸರಳ ಪಠ್ಯದಲ್ಲಿ ಪಕ್ಕದಲ್ಲೇ ಇರಿಸಿ, ಎರಡು ಬೇರೆ ಊರುಗಳ ಸರ್ವರ್‌ಗಳಲ್ಲಿ ಕಾಯ್ದುಕೊಳ್ಳುವ ವ್ಯವಸ್ಥೆ ಉದ್ಘಾಟನೆಗೆ ಮೊದಲೇ ಆಗಿರಬೇಕು, ಮತ್ತು ತಾಣ ಮುಚ್ಚಬೇಕಾಗಿ ಬಂದರೆ ಅವರ ಕಡತಗಳನ್ನು ಅವರಿಗೆ ಮರಳಿಸುವ ಬಗೆಯನ್ನು ಒಪ್ಪಂದದಲ್ಲೇ ಬರೆದಿಡಬೇಕು.