ಹಂಗಾಮು ಕಾರ್ಮಿಕರು ಅಂದರೆ ಯಾರು?

ಪೇಪರಿನಲ್ಲಿ ‘ಸೀಸನಲ್ ವರ್ಕರ್ಸ್’ ಅಂತ ಬರುತ್ತದಲ್ಲ, ಅವರೇ ಹಂಗಾಮು ಕಾರ್ಮಿಕರು. ಬೆಳೆಯ ಯಾವುದೋ ಒಂದು ಹಂತಕ್ಕೆ ಬೇರೆ ಊರಿಂದ ಬಂದು, ವಾರಗಟ್ಟಲೆಯೋ ತಿಂಗಳುಗಟ್ಟಲೆಯೋ ದುಡಿದು, ಮುಗಿದ ಮೇಲೆ ಹೊರಟುಹೋಗುವವರು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗುಡಿಸಲು ಹಾಕುವ ಗ್ಯಾಂಗುಗಳನ್ನು ಎಲ್ಲರೂ ನೋಡಿದ್ದಾರೆ.

ಇವರು ಎಷ್ಟು ಮುಖ್ಯ ಅಂತ ಸರ್ಕಾರಗಳಿಗೆ ಬಿಸಿ ಮುಟ್ಟಿದ್ದು ಕೋವಿಡ್ ಬಂದಾಗ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರು. ಎರಡೇ ದಿನಕ್ಕೆ, ಮಾರ್ಚ್ 27ರಂದು, ಕೇಂದ್ರ ಗೃಹ ಸಚಿವಾಲಯ ಹೊಲದ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಯಂತ್ರ ಬಾಡಿಗೆ ಕೇಂದ್ರಗಳು ತೆರೆಯಬಹುದು, ಕಟಾವು ಯಂತ್ರಗಳು ರಾಜ್ಯದ ಗಡಿ ದಾಟಬಹುದು ಅಂತಲೂ ಹೇಳಿತು. ಯಂತ್ರಕ್ಕೇನೋ ದಾರಿ ಸಿಕ್ಕಿತು. ಆಳಿಗೆ ಬಸ್ಸೂ ಇಲ್ಲ, ರೈಲೂ ಇಲ್ಲ!

ಇನ್ನು ನರೇಗಾ, ಅಂದರೆ ಉದ್ಯೋಗ ಖಾತ್ರಿ ಯೋಜನೆ. ಕರ್ನಾಟಕದಲ್ಲಿ ಅದರ ದಿನಗೂಲಿ 2020ರ ಏಪ್ರಿಲ್‌ನಿಂದ 249 ರೂಪಾಯಿಯಿಂದ 275ಕ್ಕೆ ಏರಿತು. ಮೇ ತಿಂಗಳಲ್ಲಿ ಕೇಂದ್ರ ಇನ್ನೂ 40,000 ಕೋಟಿ ರೂಪಾಯಿ ಘೋಷಿಸಿತು. ಊರಿಗೆ ವಾಪಸ್ ಬಂದವರ ಹೊಟ್ಟೆಪಾಡಿಗೆ ಇದು ಬೇಕೇ ಇತ್ತು. ಆದರೆ ನರೇಗಾದಲ್ಲಿ ಬದು ಹಾಕಿಸಬಹುದಿತ್ತು, ಕೃಷಿ ಹೊಂಡ ತೆಗೆಸಬಹುದಿತ್ತು. ಗದ್ದೆ ನಾಟಿಗೋ ಕಟಾವಿಗೋ ಅದರಲ್ಲಿ ಕೂಲಿ ಕೊಡುವಂತಿರಲಿಲ್ಲ. ಹಾಗಾಗಿ ಆಳಿನ ಕೊರತೆಗೆ ಅದು ನೇರ ಪರಿಹಾರ ಆಗಲಿಲ್ಲ.

ಯುರೋಪಿನಲ್ಲೂ ಇದೇ ಪರದಾಟ. ಫ್ರಾನ್ಸಿನ ಕೃಷಿ ಸಚಿವರು ಟೀವಿಯಲ್ಲಿ, ಕೆಲಸವಿಲ್ಲದೆ ಮನೆಯಲ್ಲಿರುವ ಹೋಟೆಲ್ ಮಾಣಿಗಳು, ಕ್ಷೌರಿಕರು ಎಲ್ಲ ಹೊಲಕ್ಕೆ ಬನ್ನಿ ಅಂತ ಕರೆದರು. ಜರ್ಮನಿ ಗಡಿ ಮುಚ್ಚಿದ್ದರೂ ಏಪ್ರಿಲ್‌ಗೆ 40,000, ಮೇ ತಿಂಗಳಿಗೆ 40,000 ಹೊರದೇಶದ ಹಂಗಾಮು ಕಾರ್ಮಿಕರನ್ನು ವಿಮಾನದಲ್ಲೇ ಕರೆತರಲು ಒಪ್ಪಿತು. ಬಂದವರು ಮೊದಲ 14 ದಿನ ಬೇರೆಯವರ ಜೊತೆ ಸೇರದೆ ತಮ್ಮ ಗುಂಪಿನಲ್ಲೇ ಕೆಲಸ ಮಾಡಬೇಕಿತ್ತು.

ಸುಮ್ನೆ ಕೂತವರನ್ನೇ ಹೊಲಕ್ಕೆ ಇಳಿಸಿದರೆ ಆಯ್ತಲ್ವಾ ಅಂತ ಅನ್ನಿಸಬಹುದು. ನನಗಂತೂ ಈ ಮಾತು ಕೇಳಿದರೆ ನಗು ಬರುತ್ತದೆ. ಕಬ್ಬು ಕಡಿಯುವುದನ್ನೇ ನೋಡಿ. ಮಚ್ಚು ನೆಲಕ್ಕೆ ತಾಗುವಷ್ಟು ಕೆಳಗೆ ಬೀಳಬೇಕು. ಸಕ್ಕರೆ ಅಂಶ ಜಾಸ್ತಿ ಇರುವುದು ಬುಡದಲ್ಲೇ. ಗೇಣುದ್ದ ಮೋಟು ಬಿಟ್ಟರೆ ತೂಕವೂ ಹೋಯಿತು, ಅದೇ ಬುಡದಿಂದ ಮತ್ತೆ ಬರುವ ಕೂಳೆ ಬೆಳೆಯೂ ಸರಿಯಾಗಿ ಚಿಗುರುವುದಿಲ್ಲ. ಆಮೇಲೆ ಸೋಗೆ ಸವರಿ, ಕಟ್ಟು ಕಟ್ಟಿ, ಲಾರಿಗೆ ಹೊರಬೇಕು. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಷ್ಟೂ ಒಣಗುತ್ತದೆ, ಹಾಗಾಗಿ ನಿಧಾನವಾಗಿ ಕಲಿಯುತ್ತೇನೆ ಅನ್ನುವಂತಿಲ್ಲ. ನಾಟಿಯೂ ಅಷ್ಟೇ. ಕೆಸರಲ್ಲಿ ಇಡೀ ದಿನ ಬಗ್ಗಿ ಹಿಂದೆ ಹಿಂದೆ ಸರಿಯುವ ಸೊಂಟ ಒಂದೇ ದಿನಕ್ಕೆ ಬರುವಂಥದ್ದಲ್ಲ.

ಬ್ರಿಟನ್ ಕೂಡ 2020ರಲ್ಲಿ ‘ಪಿಕ್ ಫಾರ್ ಬ್ರಿಟನ್’ ಅಂತ ಅಭಿಯಾನ ಮಾಡಿ ತನ್ನ ಜನರನ್ನೇ ಹಣ್ಣು-ತರಕಾರಿ ಕೊಯ್ಲಿಗೆ ಕರೆದಿತ್ತು. ಆಗಿನ ಯುವರಾಜ ಚಾರ್ಲ್ಸ್ ಅವರಿಂದಲೂ ವಿಡಿಯೊದಲ್ಲಿ ಹೇಳಿಸಿತು. 2021ರಲ್ಲಿ ಅದನ್ನು ಕೈಬಿಟ್ಟಿತು. ಹೊರದೇಶದ ಹಂಗಾಮು ಕಾರ್ಮಿಕರಿಗೆ ಕೊಡುವ ವೀಸಾಗಳನ್ನು ಆ ವರ್ಷಕ್ಕೆ 10,000ದಿಂದ 30,000ಕ್ಕೆ ಏರಿಸಿತ್ತು.