ಎಕ್ಸ್‌ರೇ ಕ್ಲಿಯರ್ ಬಂದಿದೆ, ಅಷ್ಟು ಸಾಕಾ?

ರಾಜಾಜಿನಗರದಿಂದ ಓದುಗರೊಬ್ಬರು ಕೇಳಿದ್ದಾರೆ: 'ಅಪ್ಪನಿಗೆ 62. ಪೀಣ್ಯದಲ್ಲಿ ಕೆಲಸಕ್ಕಿದ್ದಾಗ ದಿನಕ್ಕೆ ಎರಡು ಪ್ಯಾಕ್ ಸಿಗರೇಟ್ ಸೇದುತ್ತಿದ್ದರು, 25 ವರ್ಷ. ಬಿಟ್ಟು ಎಂಟು ವರ್ಷವಾಯಿತು. ಕೆಮ್ಮಿಲ್ಲ, ದಮ್ಮಿಲ್ಲ, ಎಕ್ಸ್‌ರೇ ಕ್ಲಿಯರ್ ಇದೆ. ಇನ್ನೇನಾದರೂ ಟೆಸ್ಟ್ ಬೇಕಾ?'

ಶ್ವಾಸಕೋಶದ ಕ್ಯಾನ್ಸರ್ ಇಲ್ಲವೆಂದು ಎಕ್ಸ್‌ರೇ ನಂಬಿ ಕೂರಬೇಡಿ. ಪುಟ್ಟ ಗಂಟೊಂದು ಪಕ್ಕೆಲುಬಿನ ಅಥವಾ ಹೃದಯದ ನೆರಳಲ್ಲಿ ಸುಲಭವಾಗಿ ಅಡಗಿಬಿಡುತ್ತದೆ. ಅಂಥದ್ದನ್ನು ಹುಡುಕಲು ಇರುವುದು ಲೋ-ಡೋಸ್ ಸಿಟಿ ಸ್ಕ್ಯಾನ್, ಅಂದರೆ ಕಡಿಮೆ ವಿಕಿರಣದ ಸಿಟಿ. ಅಮೆರಿಕದಲ್ಲಿ ಹೆಚ್ಚು ಸಿಗರೇಟ್ ಸೇದಿದ 53 ಸಾವಿರಕ್ಕೂ ಮಿಕ್ಕ ಜನರಲ್ಲಿ ಇವೆರಡನ್ನೂ ಹೋಲಿಸಿದರು. ಸಿಟಿ ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆ ಎಂದು 2011ರಲ್ಲಿ ಗೊತ್ತಾಯಿತು.

ಯಾರಿಗೆ ಬೇಕು? ಭಾರತದಲ್ಲಿ ಇದಕ್ಕೆ ಸರ್ಕಾರಿ ತಪಾಸಣಾ ಕಾರ್ಯಕ್ರಮವಿಲ್ಲ. ಅಮೆರಿಕದ 2021ರ ಶಿಫಾರಸಿನಂತೆ 50ರಿಂದ 80 ವಯಸ್ಸು, ಕನಿಷ್ಠ 20 ಪ್ಯಾಕ್-ಇಯರ್, ಈಗಲೂ ಸೇದುತ್ತಿರಬೇಕು ಇಲ್ಲವೇ ಬಿಟ್ಟು 15 ವರ್ಷ ದಾಟಿರಬಾರದು. ಅಂಥವರಿಗೆ ವರ್ಷಕ್ಕೊಮ್ಮೆ ಸ್ಕ್ಯಾನ್. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ನಮ್ಮ ಗೂಡಂಗಡಿಯ ಪ್ಯಾಕಿನಲ್ಲಿ ಸಾಮಾನ್ಯವಾಗಿ ಇರುವುದು ಹತ್ತೇ, ಹಾಗಾಗಿ ಪ್ಯಾಕ್ ಎಣಿಸಬೇಡಿ, ಸಿಗರೇಟ್ ಎಣಿಸಿ. ನಿಮ್ಮ ತಂದೆಯವರದು ಹತ್ತರ ಪ್ಯಾಕೇ ಆಗಿದ್ದರೂ 25 ಆಗುತ್ತದೆ. ಈ ಅಳತೆಯೊಳಗೆ ಅವರು ಬರುತ್ತಾರೆ. ಬೀಡಿ ಸೇದಿದವರು 'ಅದು ಚಿಕ್ಕದಲ್ವಾ' ಎಂದು ಲೆಕ್ಕ ಬಿಡಬಾರದು. ಬೀಡಿ ಹೊಗೆಯಲ್ಲಿ ಟಾರ್ ಕಡಿಮೆಯೇನಿಲ್ಲ.

ಸ್ಕ್ಯಾನ್‌ಗೆ ಮುಂಚೆಯೇ ಮನೆಯವರೆಲ್ಲ ಒಂದು ಮಾತು ತಿಳಿದಿರಬೇಕು. ರಿಪೋರ್ಟಿನಲ್ಲಿ 'ನಾಡ್ಯೂಲ್' (ಗಂಟು) ಎಂದು ಬಂದ ರಾತ್ರಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಅನುಮಾನ ಮೂಡಿಸಿದ ಸ್ಕ್ಯಾನ್‌ಗಳಲ್ಲಿ ನೂರಕ್ಕೆ ಸುಮಾರು 96 ಕ್ಯಾನ್ಸರ್ ಆಗಿರಲಿಲ್ಲ. ನಮ್ಮಲ್ಲಂತೂ ಎಂದೋ ಬಂದು ವಾಸಿಯಾದ ಟಿಬಿಯ ಕಲೆಯೂ ಗಂಟಿನಂತೆ ಕಾಣಬಹುದು. ಚಿಕ್ಕ ಗಂಟಾದರೆ ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಬೆಳೆದಿದೆಯೇ ನೋಡುತ್ತಾರೆ. ಹೆದರಿ ಅವತ್ತೇ ಬಯಾಪ್ಸಿಗೆ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆಗೆ) ಓಡಬೇಡಿ.

ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಈ ಲೆಕ್ಕವೆಲ್ಲ ಬೇಡ, ತಕ್ಷಣ ಡಾಕ್ಟರ ಬಳಿ ಹೋಗಿ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ, ನಿಮ್ಮ ಹತ್ತಿರದ ಶ್ವಾಸಕೋಶ ತಜ್ಞರಲ್ಲಾಗಲಿ ತೋರಿಸುವಾಗ ಬೀರುವಿನಲ್ಲಿರುವ ಹಳೆಯ ಎಕ್ಸ್‌ರೇ, ಸಿಟಿ ಫಿಲ್ಮು, ಟಿಬಿ ಚಿಕಿತ್ಸೆಯ ಚೀಟಿ ಏನಿದ್ದರೂ ಜೊತೆಗೆ ಒಯ್ಯಿರಿ. ಅದೇ ಕಲೆ ಐದು ವರ್ಷದ ಹಿಂದೆಯೂ ಅಷ್ಟೇ ಇತ್ತೆಂದು ಕಂಡರೆ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಂತೆ.