ಚೀಲದಿಂದ ಬಾಟಲಿಗೆ: ನ್ಯಾನೊ ಯೂರಿಯಾ ವಿವಾದ ಬೆಳೆದು ಬಂದ ದಾರಿ

ಯೂರಿಯಾ ಕೇಳಿಕೊಂಡು ಬಂದ ರೈತನಿಗೆ ಚೀಲದ ಜೊತೆಗೆ ಎಲೆಗೆ ಸಿಂಪಡಿಸುವ ದ್ರವರೂಪದ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿಯನ್ನೂ ಕೊಟ್ಟು ಕಳಿಸುವ ಪದ್ಧತಿಗೆ ಹಳ್ಳಿಗಳಲ್ಲಿ ‘ಲಿಂಕ್’ ಎಂಬ ಹೆಸರು ಬಿದ್ದಿದೆ. ಹೀಗೆ ಒತ್ತಾಯದಿಂದ ಮಾರಬಾರದೆಂದು ಸರ್ಕಾರ ಹೇಳುತ್ತಲೇ ಬಂದಿದೆ. ದೂರುಗಳೂ ಬರುತ್ತಲೇ ಇವೆ.

ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಸಾಧ್ಯತೆಯ ಬಗ್ಗೆ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1959ರಲ್ಲಿ ಮಾತನಾಡಿದಂದಿನಿಂದ ಭಾರತ ಸರ್ಕಾರ 2007ರಲ್ಲಿ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸುವ ಹೊತ್ತಿಗೆ ಅತಿ ಸೂಕ್ಷ್ಮ ಕಣಗಳ ಈ ನ್ಯಾನೊ ತಂತ್ರಜ್ಞಾನ ಮಾರುಕಟ್ಟೆಗೆ ಇಳಿದಿತ್ತು, ಭಯವೂ ಅದರ ಬೆನ್ನಿಗೇ ಬಂದಿತ್ತು. ಜರ್ಮನಿಯಲ್ಲಿ 2006ರಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಸ್ನಾನಗೃಹದ ಸ್ಪ್ರೇ ಬಳಸಿದ ಸುಮಾರು ನೂರು ಮಂದಿಗೆ ಉಸಿರಾಟದ ತೊಂದರೆಯಾದಾಗ ದೊಡ್ಡ ಗದ್ದಲವೆದ್ದಿತು. ಪರೀಕ್ಷಿಸಿದರೆ ಅದರಲ್ಲಿ ನ್ಯಾನೊ ಕಣಗಳೇ ಇರಲಿಲ್ಲ. ನಮ್ಮಲ್ಲಿ ಆ ಪದ ಯಾರನ್ನೂ ಅಷ್ಟಾಗಿ ಹೆದರಿಸಲಿಲ್ಲ. ಪುಟ್ಟ ಕಾರಿಗೂ ಅದೇ ಹೆಸರಿಟ್ಟು ಸಂಭ್ರಮಿಸಿದವರು ನಾವು.

ಕೃಷಿ ಮತ್ತು ಆಹಾರದಲ್ಲಿ ಬಳಸುವ ನ್ಯಾನೊ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕೆಂಬ ಮಾರ್ಗಸೂಚಿ ಕೇಂದ್ರದಿಂದ ಹೊರಬಿದ್ದದ್ದು 2020ರಲ್ಲಿ. ಮರುವರ್ಷದ ಫೆಬ್ರುವರಿಯಲ್ಲೇ ನ್ಯಾನೊ ಯೂರಿಯಾ ರಸಗೊಬ್ಬರ ನಿಯಂತ್ರಣ ಆದೇಶದಡಿ ಜಾಗ ಪಡೆದು ಮಾರಾಟಕ್ಕೆ ಅರ್ಹವಾಯಿತು. 2022ರ ಮೇ ತಿಂಗಳಲ್ಲಿ ಗುಜರಾತಿನ ಕಲೋಲ್‌ನಲ್ಲಿ ಅದರ ಘಟಕ ಉದ್ಘಾಟನೆಯಾಯಿತು. ಯೂರಿಯಾ ಆಮದು ಮತ್ತು ಸಬ್ಸಿಡಿಯ ಹೊರೆ ಹೊತ್ತ ದೇಶಕ್ಕೆ ಈ ಅವಸರ ಅರ್ಥವಾಗದ್ದೇನಲ್ಲ. ಆದರೆ ಮಣ್ಣಿನ ಪರೀಕ್ಷೆಗೆ ಹಲವು ಹಂಗಾಮು ಬೇಕು. ಕಡತಕ್ಕೆ ಅಷ್ಟು ವ್ಯವಧಾನವಿರಲಿಲ್ಲ.

ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬುದು ಪ್ರಚಾರದ ಮುಖ್ಯ ಮಾತಾಗಿತ್ತು. ಶೇ 46ರಷ್ಟು ಸಾರಜನಕವಿರುವ 45 ಕಿಲೋ ಚೀಲದಲ್ಲಿ 20.7 ಕಿಲೋ ಸಾರಜನಕವಿದ್ದರೆ, ಶೇ 4ರಷ್ಟಿದ್ದ 500 ಮಿಲಿಲೀಟರ್ ಬಾಟಲಿಯಲ್ಲಿದ್ದದ್ದು 20 ಗ್ರಾಂ. ಕಣಗಳು ಅತಿ ಸಣ್ಣವಾದ್ದರಿಂದ ಪತ್ರರಂಧ್ರಗಳ ಮೂಲಕ ಒಳಸೇರಿ, ಪೋಲಾಗದೆ ಬೆಳೆಗೆ ದಕ್ಕುತ್ತವೆ ಎಂಬುದು ತಯಾರಕರ ವಿವರಣೆ. ಮಣ್ಣಿಗೆ ಎರಚಿದ ಯೂರಿಯಾದಲ್ಲಿ ದೊಡ್ಡ ಪಾಲು ಗಾಳಿಗೂ ನೀರಿಗೂ ಹೋಗುತ್ತದೆಂಬುದು ನಿಜವೇ. ಆದರೆ ಒಂದು ಕ್ವಿಂಟಲ್ ಭತ್ತದ ಕಾಳಿನಲ್ಲೇ ಸುಮಾರು ಒಂದು ಕಿಲೋ ಸಾರಜನಕವಿರುತ್ತದೆ. 20 ಗ್ರಾಂ ಪೂರ್ತಿ ದಕ್ಕಿದರೂ ಉಳಿದದ್ದು ಮಣ್ಣಿನಿಂದಲೇ ಬರಬೇಕು.

ಹನ್ನೊಂದು ಸಾವಿರ ಹೊಲಗಳಲ್ಲಿ ಪ್ರಯೋಗ ನಡೆಸಿದ್ದು, ಇಳುವರಿ ಸರಾಸರಿ ಶೇ 8ರಷ್ಟು ಏರಿದೆ ಎಂಬುದು ತಯಾರಕರ ಮಾತು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ನಡೆಸಿದ ಪ್ರಯೋಗದಲ್ಲಿ, ಶಿಫಾರಸಿನಷ್ಟು ಯೂರಿಯಾ ಪಡೆದ ಬೆಳೆಗೆ ಹೋಲಿಸಿದರೆ ನ್ಯಾನೊ ಯೂರಿಯಾ ಸಿಂಪಡಿಸಿದ ಗೋಧಿಯ ಇಳುವರಿ ಶೇ 21.6ರಷ್ಟು, ಭತ್ತದ್ದು ಶೇ 13ರಷ್ಟು ಕುಸಿದಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2023ರಲ್ಲಿ ಈ ಹೇಳಿಕೆಗಳ ವೈಜ್ಞಾನಿಕ ಆಧಾರವನ್ನೇ ಪ್ರಶ್ನಿಸಿದರು. ಇಳುವರಿಯ ಈ ಜಗ್ಗಾಟದಲ್ಲಿ ಹಿಂದೆ ಸರಿದದ್ದು ಸುರಕ್ಷತೆಯ ಪ್ರಶ್ನೆ: ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು, ಮುಖಕ್ಕೆ ಹೆಚ್ಚೆಂದರೆ ಒಂದು ಟವೆಲ್ ಸುತ್ತಿಕೊಂಡು ಎಕರೆಗಟ್ಟಲೆ ಸಿಂಪಡಿಸುವ ಕೂಲಿಯಾಳು ವರ್ಷಗಟ್ಟಲೆ ಉಸಿರಾಡುವ ಹನಿಗಳ ಬಗ್ಗೆ ಈ ಚರ್ಚೆಯಲ್ಲಿ ಮಾತು ಬಂದದ್ದೇ ಕಡಿಮೆ.

2024ರಲ್ಲಿ ಶೇ 20ರಷ್ಟು ಸಾರಜನಕವಿರುವ ಹೊಸ ಬಾಟಲಿಗೆ ಅನುಮತಿ ಸಿಕ್ಕಿತು. ಅದೇ ಅರ್ಧ ಲೀಟರಿನಲ್ಲಿ ಈಗ 100 ಗ್ರಾಂ ಸಾರಜನಕವಿದೆ. ಹಳೆಯ 20 ಗ್ರಾಂ ಚೀಲಕ್ಕೆ ಸಮ ಎಂದಿದ್ದರೆ ಇದನ್ನು ಐದು ಪಟ್ಟು ಹೆಚ್ಚಿಸಬೇಕಾದದ್ದೇಕೆ ಎಂಬುದನ್ನು ಸೊಸೈಟಿಯ ಗೋಡೆಗೆ ಅಂಟಿಸಿದ ಯಾವ ಪೋಸ್ಟರೂ ಹೇಳುವುದಿಲ್ಲ.